ಒಣಬೇವಿನ ಹಕ್ಕಿ, ಹನ್ನೆರಡು ಮನೆ

ಆ ಹಕ್ಕಿಗೆ ನಮ್ಮ ಊರಲ್ಲಿ ದಾಸ... ದಾಸ ಏನೋ ಅನ್ನುತ್ತಿದ್ದರು. ದಾಸವಾಳ ಅಲ್ಲ, ಅದು ಹೂವು. ದಾಸಯ್ಯ ಅಲ್ಲ, ಅವನು ಶಂಖ ಊದಿಕೊಂಡು ಮನೆಗೆ ಬರುತ್ತಿದ್ದವನು. ದಾಸ ಎಂದು ಶುರುವಾಗಿ ಮುಂದೆ ಇನ್ನೂ ಮೂರು ಅಕ್ಷರ ಇವೆ. ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತವೆ. ಧಾರವಾಡದ ಕಡೆಯಿಂದ ನಾಗಪುರಕ್ಕೆ ಬಂದು ನಲವತ್ತು ವರ್ಷದ ಮೇಲಾಯಿತು. ನಮ್ಮ ಮನೆಯವರಿಗೆ ಇಲ್ಲಿ ಸರಕಾರಿ ಕಾರ್ಖಾನೆಯಲ್ಲಿ ಕೆಲಸವಿತ್ತು. ನಿವೃತ್ತಿಯಾದ ಮೇಲೂ ಮನೀಶ್ ನಗರದಲ್ಲಿ ಮನೆ ಮಾಡಿ ಇಲ್ಲೇ ಉಳಿದೆವು. ಇಲ್ಲಿಯವರು ಆ ಹಕ್ಕಿಗೆ ನೀಲಕಂಠ ಅನ್ನುತ್ತಾರೆ. ಇಂಗ್ಲಿಷ್ ಕಲಿತವರು ಬ್ಲೂ ಜೇ ಅನ್ನುತ್ತಾರೆ. ಅವರಿಗಿಂತ ಹೆಚ್ಚು ಇಂಗ್ಲಿಷ್ ಕಲಿತವರು, ಅದು ಜೇ ಅಲ್ಲವೇ ಅಲ್ಲ, ರೋಲರ್ ಎಂದು ತಿದ್ದುತ್ತಾರೆ. ಹಕ್ಕಿ ಮಾತ್ರ ಇದುವರೆಗೆ ಯಾವ ಹೆಸರಿಗೂ ತಿರುಗಿ ನೋಡಿಲ್ಲ.

ಅದು ಕೂರುವುದು ನಮ್ಮ ಹಿತ್ತಲ ಗೋಡೆಯ ಆಚೆಗಿರುವ ಒಣ ಬೇವಿನ ಮರದ ಮೇಲೆ. ಮರ ನಮ್ಮದಲ್ಲ, ಸೊಸಾಯಿಟಿಯದು. ಹನ್ನೆರಡು ಮನೆಗಳ ಸಣ್ಣ ಸೊಸಾಯಿಟಿ. ಮರ ತಾನಾಗಿ ಒಣಗಲಿಲ್ಲ. ಮಳೆಗಾಲದಲ್ಲಿ ಕೆಸರಾಗುತ್ತದೆ ಎಂದು ಬುಡದ ಸುತ್ತ ಕಾಂಡಕ್ಕೆ ತಾಗುವವರೆಗೆ ಸಿಮೆಂಟು ಬಳಿದರು. ಎರಡು ಬೇಸಿಗೆಯಲ್ಲಿ ಮರ ಮುಗಿಯಿತು. ಆದರೆ ಆ ಸತ್ತ ಮರದ ಪೊಟರೆಯಲ್ಲಿ ಪ್ರತಿ ವರ್ಷ ನೀಲಕಂಠದ ಜೋಡಿ ಮರಿ ಮಾಡುತ್ತದೆ. ಕೆಳಗಿನ ಇನ್ನೊಂದು ಪೊಟರೆಯಲ್ಲಿ ಎರಡು ಪುಟ್ಟ ಗೂಬೆ ಇವೆ. ಪಕ್ಕದ ಕಲ್ಲಿನ ರಾಶಿಯಲ್ಲಿ ಮುಂಗುಸಿಯ ಸಂಸಾರ. ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದು ಚಹಾ ಹಿಡಿದು ಕೂತರೆ ನನಗೆ ಟೀವಿ ಬೇಡ.

ಈ ಮರವನ್ನು ಕಡಿಸಬೇಕು ಎನ್ನುವುದು ಸೊಸಾಯಿಟಿ ಸೆಕ್ರೆಟರಿಯ ಹಟ. ಕಡಿಯಬಾರದು ಎನ್ನುವುದು ನನ್ನ ಹಟ. ಇವೆರಡರ ನಡುವೆ ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇರುತ್ತದೆ. ನಗುವುದಕ್ಕೆ ಪುರುಸೊತ್ತು ಬೇಕು ಅಷ್ಟೆ, ಅದು ನನ್ನ ಹತ್ತಿರ ಬೇಕಾದಷ್ಟಿದೆ. ಇಲ್ಲಿ ಬರುವ ಮಾತೆಲ್ಲ ನಡೆದದ್ದು ಮರಾಠಿಯಲ್ಲಿ, ಹಿಂದಿಯಲ್ಲಿ. ನಾನು ನಮ್ಮ ಕಡೆಯ ಮಾತಿಗೆ ಹೊರಳಿಸಿ ಹೇಳುತ್ತಿದ್ದೇನೆ.

ಟೋಪಿ

ಪಕ್ಕದ ಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು. ನಿವೃತ್ತಿಯ ಮರುದಿನವೇ ಪಕ್ಷಿಪ್ರೇಮಿಯಾದರು. ಅದರ ಹಿಂದಿನ ಅರವತ್ತು ವರ್ಷ ಒಂದು ಕಾಗೆಯನ್ನಾದರೂ ಕತ್ತೆತ್ತಿ ನೋಡಿದವರಲ್ಲ. ಈಗ ಕೊರಳಲ್ಲಿ ಸೋರೆಕಾಯಿಯಷ್ಟು ಉದ್ದದ ಕ್ಯಾಮೆರಾ, ಮೈಮೇಲೆ ಎಲೆ ಎಲೆ ಬಣ್ಣದ ಅಂಗಿ. ಆ ಅಂಗಿ ತೊಟ್ಟರೆ ಹಕ್ಕಿಗಳಿಗೆ ಕಾಣಿಸುವುದಿಲ್ಲವಂತೆ. ಹಾಲು ತರಲೂ ಅದನ್ನೇ ತೊಟ್ಟು ಹೋಗುತ್ತಾರೆ. ಹಾಲಿನವನಿಗೆ ಮಾತ್ರ ಪೂರಾ ಕಾಣಿಸುತ್ತಾರೆ. ನಾವು ಅವರಿಗೆ ಕ್ಯಾಮೆರಾ ಸಾಹೇಬರು ಎಂದೇ ಹೆಸರಿಟ್ಟಿದ್ದೇವೆ.

ಒಂದು ದಿನ ನಸುಕಿನಲ್ಲಿ ಕಾರಿಗೆ ಸಾಮಾನು ತುಂಬುತ್ತಿದ್ದರು.

“ಎಲ್ಲಿಗೆ ಹೊಂಟ್ರಿ?” ಅಂದೆ.

“ಕಾಡಿಗೆ ಹೊಂಟೇನಿ ಆಜಿ. ನೀಲಕಂಠ ಹಾರೂ ಫೋಟೋ ಬೇಕಾಗ್ಯದ. ರೆಕ್ಕಿ ಪೂರಾ ಬಿಚ್ಚಿರಬೇಕು.”

“ಅದು ಇಲ್ಲೇ ಹಿತ್ತಲಾಗ ದಿನಾ ಬಿಚ್ಚತದಲ್ರಿ.”

ಅವರು ನನ್ನನ್ನು ಕರುಣೆಯಿಂದ ನೋಡಿದರು. “ಹಿತ್ತಲಿಂದು ನಡ್ಯೂದಿಲ್ಲ ಆಜಿ. ಫೋಟೋದಾಗ ಹಿಂದ ಸಂಡಾಸದ ಪೈಪ್ ಬರತದ.”

ಎರಡು ದಿನ ಕಾಡಿನಲ್ಲೇ ಇದ್ದರು. ಆ ಎರಡೂ ದಿನ ಹಕ್ಕಿ ಒಣಬೇವಿನಿಂದ ಹಾರಿ ನೇರವಾಗಿ ಅವರ ಹಿತ್ತಲ ಬಟ್ಟೆ ಹಗ್ಗದ ಕಂಬದ ಮೇಲೆ ಬಂದು ಕೂತಿತು. ಕೂತಾಗ ನೋಡಿದರೆ ಅದೇನು ಹಕ್ಕಿಯೋ, ಹಳೆಯ ಕಂಬಳಿಯ ಬಣ್ಣ. ಹಾರಿದಾಗ ಆ ಕಂಬಳಿಯೊಳಗಿಂದ ಇಳಕಲ್ ಸೀರೆ ಜಾರಿ ಬಿದ್ದ ಹಾಗೆ. ಆ ಕಂಬದ ಕೆಳಗೇ, ಹಗ್ಗಕ್ಕೆ ಅವರ ಹೆಂಡತಿ ಸಾಹೇಬರು ಕಾಡಿಗೆ ಹಾಕುವ ಇನ್ನೊಂದು ಟೋಪಿಯನ್ನು ಒಗೆದು ಹಾಕಿದ್ದರು.

ಮೂರನೆಯ ದಿನ ಸಾಹೇಬರು ಬಾಡಿದ ಮುಖ ಹೊತ್ತು ಬಂದರು.

“ಸಿಕ್ಕಿತೇನ್ರಿ?”

“ಎಲ್ಲೀದು ಆಜಿ! ಎರಡು ದಿನ ಒಂದ ಗಿಡದ ಬುಡಕ್ಕ ಕೂತೆ. ಒಂದೂ ಬರಲಿಲ್ಲ.”

ನಾನು ಬಟ್ಟೆ ಹಗ್ಗದ ಕಡೆ ಬೊಟ್ಟು ಮಾಡಿದೆ. ಟೋಪಿಯ ನೆತ್ತಿಯ ಮೇಲೆ ಸುಣ್ಣ ಬಳಿದಂತೆ ಎರಡು ದಿನದ ಲೆಕ್ಕ ಬರೋಬರ್ ಇತ್ತು.

“ಫೋಟೋ ಒಂದು ಬಿಟ್ಟು ಉಳಿದದ್ದೆಲ್ಲಾ ನಿಮ್ಮ ಸಲುವಾಗಿ ಇಟ್ಟು ಹೋಗ್ಯದ ನೋಡ್ರಿ,” ಅಂದೆ.

ಬಟ್ಟಲು

ಸೆಕ್ರೆಟರಿ ಯಾವುದೋ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದೆ ಎಂದು ಹೇಳಿಕೊಳ್ಳುತ್ತಾರೆ. ಯಾವ ಆಫೀಸು ಎಂದು ಕೇಳಿದರೆ, ಊರಿನ ಸರಕಾರಿ ಕಚೇರಿಗಳೆಲ್ಲ ಇರುವ ಸಿವಿಲ್ ಲೈನ್ಸ್ ಕಡೆಗೆ ಕೈ ಬೀಸುತ್ತಾರೆ. ಏಪ್ರಿಲ್ ಬಂದ ಕೂಡಲೇ ಅವರಿಗೆ ಪಕ್ಷಿಗಳ ಬಾಯಾರಿಕೆ ನೆನಪಾಯಿತು. ಮನೆಗೊಂದು ಮಣ್ಣಿನ ಬಟ್ಟಲು ಹಂಚುವ ಸಮಾರಂಭ ಮಾಡಿದರು. ಒಂದು ಬಟ್ಟಲಿಗೆ ರಿಬ್ಬನ್ ಕಟ್ಟಿ, ಅದನ್ನು ಕತ್ತರಿಸಿ, ನೀರು ಸುರಿದು ಫೋಟೋ ತೆಗೆಸಿಕೊಂಡರು. ಅವರ ಹೆಂಡತಿ ತಮ್ಮ ಬಟ್ಟಲನ್ನು ಬಾಲ್ಕನಿಯಲ್ಲಿ ಇಟ್ಟರು.

ಮೊದಲು ಬಂದದ್ದು ಪಾರಿವಾಳ. ಬೇರೆ ಯಾರು ಬರಬೇಕಿತ್ತು? ನೀರು ಕುಡಿದು, ಮಿಂದು, ಬಾಲ್ಕನಿಯಲ್ಲಿ ಮಾಡಬಾರದ್ದನ್ನು ಮಾಡಿ ಹೋದವು. ನಾಲ್ಕನೆಯ ದಿನ ನೋಡುತ್ತೇನೆ, ಬಾಲ್ಕನಿಗೆ ಮೇಲಿಂದ ಕೆಳಗಿನವರೆಗೆ ಬಲೆ. ಬಟ್ಟಲು ಬಲೆಯ ಒಳಗೆ, ಹಕ್ಕಿ ಬಲೆಯ ಹೊರಗೆ.

“ಈಗ ಅವು ನೀರು ಹ್ಯಾಂಗ ಕುಡೀಬೇಕ್ರಿ?” ಎಂದು ಕೇಳಿದೆ.

“ಪಕ್ಷಿಗಳಿಗೆ ಭಾಳ ಬುದ್ಧಿ ಇರತದ ಆಜಿ. ಹ್ಯಾಂಗರೆ ಮಾಡಿ ಕುಡೀತಾವ,” ಅಂದರು ಆಕೆ.

ಬುದ್ಧಿ ಇದೆ, ಸುಳ್ಳಲ್ಲ. ಎಲ್ಲವೂ ನಮ್ಮ ಹಿತ್ತಲ ನಲ್ಲಿಗೆ ಬಂದವು. ಸಮಾರಂಭದ ಫೋಟೋ ಇನ್ನೂ ಸೊಸಾಯಿಟಿಯ ಬೋರ್ಡಿನ ಮೇಲಿದೆ. ಆ ಫೋಟೋದ ಮೇಲೆ ಯಾವ ಹಕ್ಕಿಯೂ ಕೂರದಂತೆ ಗಾಜು ಹಾಕಿಸಿದ್ದಾರೆ.

ಹುಲಿಯ ಫೋಟೋ

ಮೇ ತಿಂಗಳಲ್ಲಿ ಸೊಸಾಯಿಟಿಯವರೆಲ್ಲ ಬಸ್ಸು ಮಾಡಿಕೊಂಡು ಹುಲಿ ನೋಡಲು ಹೋದೆವು. ನಾಗಪುರದ ಮೇ ತಿಂಗಳೆಂದರೆ ಹೊರಗೆ ಬಿಟ್ಟ ಚಪ್ಪಲಿಯ ಅಂಟು ಬಿಡುವ ಕಾಲ. ಕಾಡಿನ ಗೇಟಿನಲ್ಲಿ ಮೊದಲು ಎಲ್ಲರ ಮೊಬೈಲು ತೆಗೆದಿಟ್ಟುಕೊಂಡರು; ಒಳಗೆ ಒಯ್ಯುವಂತಿಲ್ಲ. ನಮ್ಮ ಜನ ಕೈ ಕಳೆದುಕೊಂಡವರ ಹಾಗೆ ಜೀಪು ಹತ್ತಿದರು.

ನಮ್ಮ ಜೀಪಿನ ಗೈಡು ಒಳ್ಳೆಯ ಮನುಷ್ಯ. ಒಂದು ಕಡೆ ಜೀಪು ನಿಲ್ಲಿಸಿ, ಉದ್ದ ಬಾಲದ ಇಟ್ಟಿಗೆ ಬಣ್ಣದ ಹಕ್ಕಿಯೊಂದನ್ನು ತೋರಿಸಿದ. ಟಕಾಚೋರ್ ಅಂತ ಅದರ ಹೆಸರು. ನೀಲಕಂಠಕ್ಕೆ ಬರಿದೇ ಜೇ ಅನ್ನುತ್ತಾರೆ, ಜೇ ಹಕ್ಕಿಗಳ ನಿಜವಾದ ಬಳಗ ಇದು, ಕಾಗೆಯೂ ಇದೇ ಬಳಗದ್ದು ಎಂದು ಪಿಸುಮಾತಿನಲ್ಲಿ ಹೇಳಿದ. ನಾನು ಕಣ್ಣು ತುಂಬ ನೋಡಿದೆ. ಸೆಕ್ರೆಟರಿ ಗಡಿಯಾರ ನೋಡಿಕೊಂಡರು.

“ಭಾವೂ, ನಾವು ಕಾಗಿ ಬಳಗ ನೋಡ್ಲಿಕ್ಕೆ ಬಂದಿಲ್ಲ. ಹುಲಿ ಎಲ್ಲಿ?”

ಸ್ವಲ್ಪ ಮುಂದೆ ಕಡವೆ ನಿಂತಿತ್ತು. “ಇದು ಹುಲಿ ಊಟ ಆತು. ಹುಲಿ ಎಲ್ಲಿ?”

ಆಮೇಲೆ ಮಣ್ಣಿನ ಮೇಲೆ ಹೆಜ್ಜೆ ಗುರುತು. “ಇದು ಹುಲಿ ಚಪ್ಪಲಿ ಆತು. ಹುಲಿ ಎಲ್ಲಿ?”

ಹುಲಿ ಇವರನ್ನು ದೂರದಿಂದಲೇ ಕೇಳಿಸಿಕೊಂಡಿರಬೇಕು, ಬರಲಿಲ್ಲ. ಗೇಟಿನಲ್ಲಿ ಮೊಬೈಲು ವಾಪಸು ಸಿಕ್ಕಿತು. ಬಸ್ಸು ಊರು ಮುಟ್ಟುವುದರೊಳಗೆ ಸೊಸಾಯಿಟಿಯ ವಾಟ್ಸಾಪ್ ಗುಂಪಿನಲ್ಲಿ ಸೆಕ್ರೆಟರಿಯ ಸಂದೇಶ ಬಂತು: “ಇಂದು ನಮಗೆ ದರ್ಶನ ಕೊಟ್ಟ ವನರಾಜ.” ಕೆಳಗೆ ಭರ್ಜರಿ ಹುಲಿಯ ಫೋಟೋ. ಬಸ್ಸಿನಲ್ಲೇ ಇದ್ದ, ಹುಲಿ ಕಾಣದ ಜನರೆಲ್ಲ ಅದಕ್ಕೆ ಕೈಮುಗಿಯುವ ಚಿತ್ರ ಕಳಿಸಿದರು.

ಕ್ಯಾಮೆರಾ ಸಾಹೇಬರು ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ ಗುಂಪಿನಲ್ಲೇ ಕೇಳಿದರು: “ಸಾಹೇಬರ, ಹುಲಿ ಸುತ್ತ ಮೊಣಕಾಲ ಮಟ ಬೆಳ್ಳಗ ಏನದು? ಹಿಮಾ ಏನ್ರಿ?”

ಸೆಕ್ರೆಟರಿಯ ಉತ್ತರ ಬಂತು: “ಹತ್ತಿ ಹೊಲ. ಈ ಸಲ ಬೆಳಿ ಛಲೋ ಅದ.”

ವಿದರ್ಭದಲ್ಲಿ ಮೇ ತಿಂಗಳಲ್ಲಿ ಹತ್ತಿ ಅರಳಿದ್ದು ಅದೇ ಮೊದಲು. ಹುಲಿ ಕಳೆ ಕೀಳುವ ಕೂಲಿಗೆ ಬಂದಿರಬೇಕು.

ಕೈ ಎತ್ತಿದವರು

ಮಳೆಗಾಲ ಮುಗಿಯುವ ಹೊತ್ತಿಗೆ ಸೆಕ್ರೆಟರಿ ಒಬ್ಬ ವಾಸ್ತು ಪಂಡಿತರನ್ನು ಕರೆತಂದರು. ಅವರು ದಿಕ್ಸೂಚಿ ಹಿಡಿದು ಒಣಬೇವಿನ ಎದುರು ನಿಂತು, ಈ ಒಣ ಮರದಿಂದ ಹನ್ನೆರಡೂ ಮನೆಗೆ ಒಣ ಶಕ್ತಿ ಹರಿಯುತ್ತಿದೆ ಅಂದರು.

“ಬುಡಕ್ಕ ಸಿಮೆಂಟ್ ಬಳದಾರಲ್ಲ, ಅದರಿಂದ ಯಾವ ಶಕ್ತಿ ಹರೀತದ್ರಿ?” ಎಂದು ಕೇಳಿದೆ. ಪಂಡಿತರು ದಿಕ್ಸೂಚಿಯನ್ನು ಬೇರೆ ಕಡೆ ತಿರುಗಿಸಿಕೊಂಡರು.

ಮರುವಾರ ಸಭೆ. ಮರ ಕಡಿದ ಜಾಗದಲ್ಲಿ ‘ನಿಸರ್ಗ ಕೋಪರಾ’ ಮಾಡುತ್ತಾರಂತೆ, ಅಂದರೆ ನಿಸರ್ಗದ ಮೂಲೆ. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು, ಒಂದು ಫೈಬರ್ ನವಿಲು, ನಡುವೆ ಸಿಮೆಂಟಿನ ಮರ. ಸಿಮೆಂಟಿನ ಮರಕ್ಕೆ ಪೊಟರೆ ಕೂಡ ಇರುತ್ತದೆ ಎಂದು ಸೆಕ್ರೆಟರಿ ಹೆಮ್ಮೆಯಿಂದ ಹೇಳಿದರು.

“ಖರೇ ಪೊಟರಿ ಇರೋ ಖರೇ ಮರ ಕಡದು, ಸುಳ್ಳು ಪೊಟರಿ ಇರೋ ಸುಳ್ಳು ಮರಾ ಹಚ್ಚತೀರೇನ್ರಿ?” ಅಂದೆ.

“ಆಜಿ, ಸಿಮೆಂಟಿನ ಮರಕ್ಕ ಗೆದ್ದಲ ಹತ್ತೂದಿಲ್ಲ. ಎಲಿ ಉದರೂದಿಲ್ಲ. ಹಕ್ಕಿನೂ ಬರೂದಿಲ್ಲ, ಗಲೀಜ್ ಆಗೂದಿಲ್ಲ. ನಿಸರ್ಗ ಅಂದ್ರ ಸ್ವಚ್ಛ ಇರಬೇಕು.”

ನಾನು ಹೆದರಲಿಲ್ಲ. ನಮ್ಮ ಸೊಸಾಯಿಟಿಯ ನಿಯಮದ ಪ್ರಕಾರ ಇಂಥ ಕೆಲಸಕ್ಕೆ ಹನ್ನೆರಡೂ ಮನೆ ಒಪ್ಪಬೇಕು. ಒಂದು ಮನೆ ಕೈ ಎತ್ತದಿದ್ದರೂ ಸಾಕು, ಮಾತು ಮುಂದಿನ ವರ್ಷಕ್ಕೆ ಹೋಗುತ್ತದೆ. ಮನೆಗೊಂದು ಕೈ. ನಮ್ಮ ಮನೆಯ ಕೈ ನಮ್ಮ ಯಜಮಾನರದು, ಏಕೆಂದರೆ ಮನೆ ಅವರ ಹೆಸರಲ್ಲಿದೆ. ಹಿಂದಿನ ದಿನವಿಡೀ ಅವರಿಗೆ ಪಾಠ ಮಾಡಿದ್ದೆ: “ಏನ ಆದ್ರೂ ಕೈ ಎತ್ತಬ್ಯಾಡ್ರಿ.”

ಅವರು ಹಿಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದರು. ಮುಂದುಗಡೆ ಸೆಕ್ರೆಟರಿ, ಮರ ಕಡಿಯಲು ಯಾರ್ಯಾರ ಒಪ್ಪಿಗೆ ಇದೆ ಎಂದು ಕೇಳುತ್ತಿದ್ದರು, ಹಿಂದುಗಡೆ ಅವರ ಹೆಂಡತಿ ಚಹಾದ ತಟ್ಟೆ ಹಿಡಿದು, ಯಾರಿಗೆ ಬೇಕು ಎನ್ನುತ್ತಿದ್ದರು. ನಮ್ಮವರು ಕಣ್ಣು ತೆರೆದು ಕೈ ಎತ್ತಿದರು.

“ಹನ್ನೆರಡಕ್ಕ ಹನ್ನೆರಡು!” ಎಂದು ಸೆಕ್ರೆಟರಿ ಮೇಜು ಗುದ್ದಿದರು. ರಿಜಿಸ್ಟರಿನಲ್ಲಿ ಠರಾವು ಬರೆದು ಸಹಿ ಹಾಕಿಯೂ ಆಯಿತು. ಇನ್ನು ಅದನ್ನು ಅಳಿಸಬೇಕಾದರೆ ಅದೇ ರಿಜಿಸ್ಟರಿನಲ್ಲಿ, ಎಲ್ಲರ ಎದುರಿಗೆ, ಇನ್ನೊಂದು ಠರಾವು ಆಗಬೇಕು. ಮರ ಕಡಿಯುವುದು ದಸರೆಯ ಮರುದಿನ ಎಂದು ಗೊತ್ತುಮಾಡಿದರು. ಮರ ಕಡಿಯುವುದು ಪಾಪವಲ್ಲವಂತೆ, ಹಬ್ಬದ ಮುಂಚೆ ಕಡಿದರೆ ಮಾತ್ರ ಪಾಪವಂತೆ.

ಮನೆಗೆ ಬಂದ ಮೇಲೆ ನಮ್ಮವರು ಸಣ್ಣ ದನಿಯಲ್ಲಿ, “ಆಕಿ ಚಹಾ ಬೇಕೇನು ಅಂದಳು, ಅದಕ್ಕ ಎತ್ತಿದೆ,” ಅಂದರು. ಅಂದಿನಿಂದ ದಸರೆಯವರೆಗೆ ನಮ್ಮ ಮನೆಯಲ್ಲಿ ಅವರಿಗೆ ಚಹಾ ಬಂದ್. ಎರಡೂ ಕೈ ಎತ್ತಿದರೂ ಇಲ್ಲ.

ದರ್ಶನ

ಇಲ್ಲಿ ದಸರೆಯ ದಿನ ನೀಲಕಂಠ ಕಣ್ಣಿಗೆ ಬಿದ್ದರೆ ವರ್ಷವೆಲ್ಲ ಶುಭ ಎಂದು ನಂಬಿಕೆ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅದರ ಮನೆಗೆ ಸಿಮೆಂಟು ಬಳಿಯಬಹುದು, ಕೊಡಲಿ ಹಾಕಬಹುದು. ಆ ಒಂದು ದಿನ ಮಾತ್ರ ಅದು ಬಂದು ಮುಖ ತೋರಿಸಬೇಕು.

ಸೆಕ್ರೆಟರಿ ಎಂಟು ದಿನ ಮೊದಲೇ ಸಾರಿಬಿಟ್ಟಿದ್ದರು: ಬೆಳಿಗ್ಗೆ ಒಂಬತ್ತಕ್ಕೆ ಸೊಸಾಯಿಟಿಯ ಅಂಗಳದಲ್ಲಿ ಸಾಮೂಹಿಕ ನೀಲಕಂಠ ದರ್ಶನ. ಹಕ್ಕಿ ಹಿಡಿಯುವವನೊಬ್ಬನಿಗೆ ಹೇಳಿ ಪಂಜರದಲ್ಲಿ ತರಿಸುತ್ತಿದ್ದರು.

“ಅದನ್ನ ಹಿಡಿಯೂದು ಗುನ್ಹೆ ಆಗತದ್ರಿ,” ಎಂದು ಕ್ಯಾಮೆರಾ ಸಾಹೇಬರು ಎಚ್ಚರಿಸಿದರು.

“ಇದು ಧಾರ್ಮಿಕ ವಿಷಯ,” ಎಂದು ಸೆಕ್ರೆಟರಿ ಅವರ ಬಾಯಿ ಮುಚ್ಚಿಸಿದರು.

ದಸರೆಯ ಬೆಳಿಗ್ಗೆ ಹನ್ನೆರಡೂ ಮನೆಯವರು ಹೊಸ ಬಟ್ಟೆ ಉಟ್ಟು ಸೇರಿದರು. ಎಂಟನೇ ಇಯತ್ತೆಯಲ್ಲಿ ಓದುವ ನಮ್ಮ ಮೊಮ್ಮಗಳ ಅಕ್ಷರ ದುಂಡಗಿದೆ ಎಂದು, ಬಂದವರ ಹೆಸರು ಬರೆಯಲು ಸೊಸಾಯಿಟಿಯ ರಿಜಿಸ್ಟರನ್ನು ಅವಳ ಕೈಗೆ ಕೊಟ್ಟಿದ್ದರು. ಮೇಜಿನ ಮೇಲೆ ಕೆಂಪು ಬಟ್ಟೆ ಮುಚ್ಚಿದ ಪಂಜರ. ತಂದವನು ಪಂಜರ ಇಟ್ಟವನೇ ಜಲ್ದಿಯಲ್ಲಿ ಹೊರಟುಹೋಗಿದ್ದ. ಸೆಕ್ರೆಟರಿ ಬಿಳೀ ರೇಶ್ಮೆ ಕುರ್ತಾದಲ್ಲಿ ಮೈಕಿನ ಮುಂದೆ ನಿಸರ್ಗ ಮತ್ತು ಸಂಸ್ಕೃತಿ ಎಂದು ಕಾಲು ತಾಸು ಮಾತಾಡಿ ಬಟ್ಟೆ ಸರಿಸಿದರು. ಒಳಗೆ ಗಾಢ ನೀಲಿ ಬಣ್ಣದ ಹಕ್ಕಿ. ಎಲ್ಲರೂ ಕೈಮುಗಿದರು. ಇಬ್ಬರು ಅಡ್ಡಬಿದ್ದರು.

“ಭಾಳ ನೀಲಿ ಅದಲ್ಲ,” ಎಂದು ಕ್ಯಾಮೆರಾ ಸಾಹೇಬರು ಹುಬ್ಬು ಗಂಟಿಕ್ಕಿದರು.

ಹಕ್ಕಿ ಕೊರಳುಬ್ಬಿಸಿ, “ಗುಟುರ್ ಗುಟುರ್” ಅಂದಿತು.

ಸೆಕ್ರೆಟರಿಯ ಹೆಂಡತಿ ಭಕ್ತಿ ಹೆಚ್ಚಾಗಿ ಮಾವಿನೆಲೆಯಿಂದ ಕಲಶದ ನೀರು ಚಿಮುಕಿಸಿದರು, ಒಮ್ಮೆಯಲ್ಲ, ಐದು ಸಲ. ಹಕ್ಕಿ ಮೈ ಕೊಡವಿತು. ಬಟ್ಟೆಗೆ ಹಾಕುವ ನೀಲಿ, ಚುಕ್ಕೆ ಚುಕ್ಕೆಯಾಗಿ ಬಿಳೀ ಕುರ್ತಾದ ಮೇಲೆಲ್ಲ ಸಿಡಿಯಿತು. ಪಂಜರದಲ್ಲಿ ಉಳಿದದ್ದು ಒಂದು ತೊಯ್ದ ಪಾರಿವಾಳ. ಯಾವುದು ಬರಬಾರದೆಂದು ಬಾಲ್ಕನಿಗೆ ಬಲೆ ಕಟ್ಟಿದ್ದರೋ ಅದಕ್ಕೇ ಈಗ ಹೂವು, ಕುಂಕುಮ, ತೆಂಗಿನಕಾಯಿ.

“ಚಿಂತಿ ಮಾಡಬ್ಯಾಡ್ರಿ,” ಎಂದು ಕ್ಯಾಮೆರಾ ಸಾಹೇಬರು ಸೆಕ್ರೆಟರಿಯ ಬೆನ್ನು ತಟ್ಟಿದರು. “ಪಾರಿವಾಳದ ಸಲುವಾಗಿ ಯಾರೂ ಕೇಸ್ ಹಾಕೂದಿಲ್ಲ.”

ದಸರೆಯ ಬೆಳಿಗ್ಗೆ ಪಾರಿವಾಳಕ್ಕೆ ಅಡ್ಡಬಿದ್ದರೆ ವರ್ಷ ಏನಾಗುತ್ತದೋ ಎಂದು ಜನ ಗುಸುಗುಸು ಶುರು ಮಾಡಿದರು. ಆಗಲೇ ನಮ್ಮ ಮನೆಯ ಹಿಂದಿನಿಂದ ದನಿ ಕೇಳಿಸಿತು: ಚಕ್, ಚಕ್, ಚಕ್. ಒಣಬೇವಿನ ಮೇಲಿಂದ ನಿಜವಾದದ್ದು ಕೂಗುತ್ತಿತ್ತು.

“ನೀಲಕಂಠ! ಖರೇ ನೀಲಕಂಠ!” ಎಂದು ಎಲ್ಲರೂ ಓಡಿದರು. ಆದರೆ ಮರದ ಹತ್ತಿರ ಹೋಗುವ ಸಂದಿಯ ತುಂಬ ನಿಸರ್ಗ ಕೋಪರಾದ ಸಾಮಾನು ಬಿದ್ದಿತ್ತು. ಮರಳಿನ ಗುಡ್ಡೆ, ಕಬ್ಬಿಣದ ಸಲಾಕೆ, ಪ್ಲಾಸ್ಟಿಕ್ ಹುಲ್ಲಿನ ಸುರುಳಿ, ಇದೆಲ್ಲದರ ಮೇಲೆ ಅಡ್ಡಲಾಗಿ ಮಲಗಿಸಿದ ಫೈಬರ್ ನವಿಲು. ಸೆಕ್ರೆಟರಿಯೇ ತುಂಬಿಸಿದ್ದು. ಉಳಿದದ್ದು ಒಂದೇ ದಾರಿ: ನಮ್ಮ ಅಡುಗೆಮನೆ ದಾಟಿ ಹಿತ್ತಲ ಬಾಗಿಲು.

ಅವರು ನಮ್ಮ ಅಡುಗೆಮನೆಗೆ ನುಗ್ಗುವುದರೊಳಗೆ ನಾನು ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ಬೆನ್ನು ಕೊಟ್ಟು ನಿಂತಿದ್ದೆ. ಪಕ್ಕದಲ್ಲೊಂದು ಕಿಟಕಿಯಿದೆ. ಅದರಿಂದ ಮರ ಕಾಣುತ್ತದೆ, ಆದರೆ ನಾನು ಒಂದು ಹೆಜ್ಜೆ ಸರಿದು ನಿಂತರೆ ಬಾಗಿಲಿಗೂ ಕಿಟಕಿಗೂ ನಾನೊಬ್ಬಳೇ ಸಾಕು. ದೇವರು ನನಗೆ ಅಷ್ಟು ಗಾತ್ರ ಕೊಟ್ಟಿದ್ದಾನೆ.

“ಬಾಗಲಾ ತಗೀರಿ ಆಜಿ! ಹಾರಿ ಹೋಗತದ!” ಎಂದು ಸೆಕ್ರೆಟರಿ ಅಂಗಲಾಚಿದರು. ಮೂಗಿನ ತುದಿಯಿಂದಲೂ ನೀಲಿ ತೊಟ್ಟಿಕ್ಕುತ್ತಿತ್ತು.

“ಹೋಗಲಿ ಬಿಡ್ರಿ. ನಾಳೆ ಅದರ ಮನೀನ ಕಡೀತೀರಿ, ಇವತ್ತು ಅದರ ಮುಖಾ ನೋಡಿ ಏನು ಮಾಡತೀರಿ?”

“ಆಜಿ, ಈ ವರ್ಷ ಕಡಿಯೂದಿಲ್ಲ, ಆತೇನು?”

ನಾನು ಕತ್ತು ಹೊರಳಿಸಿ ಕಿಟಕಿಯಾಚೆ ನೋಡಿದೆ. ಹಕ್ಕಿ ಕಲ್ಲಿನ ಹಾಗೆ ಕೂತಿತ್ತು. “ಅಯ್ಯ, ರೆಕ್ಕಿ ಝಾಡಸ್ಲಿಕ್ಕೆ ಹತ್ತೇದಲ್ಲ,” ಅಂದೆ.

“ಎರಡು ವರ್ಷ!”

“ಒಂದು ಕಾಲು ಎತ್ತಿತು ನೋಡ್ರಿ.”

ಹಿಂದಿನಿಂದ ಸೆಕ್ರೆಟರಿಯ ಹೆಂಡತಿ ಗಂಡನ ಬೆನ್ನಿಗೆ ತಿವಿದರು. “ಪಾರಿವಾಳದ ಪಾಪ ನನ್ನ ತಲಿಗೆ ಕಟ್ಟಬ್ಯಾಡ್ರಿ! ಹೂಂ ಅನ್ರಿ!”

“ಎಂದೂ ಕಡಿಯೂದಿಲ್ಲ! ತಾನಾಗಿ ಬೀಳೂ ತನಕ ಯಾರೂ ಕೈ ಹಚ್ಚೂದಿಲ್ಲ! ಬುಡದ ಸಿಮೆಂಟೂ ತಗಸ್ತೇನಿ!”

“ಹನ್ನೆರಡು ಮನೀ ಒಪ್ಪಿಗಿ ಬೇಕಲ್ರಿ?”

ಅಡುಗೆಮನೆಯ ತುಂಬ ಕೈಗಳು ಮೇಲೆದ್ದವು. ಎಲ್ಲರಿಗಿಂತ ಮೊದಲು ಎದ್ದದ್ದು ನಮ್ಮ ಯಜಮಾನರದು. ಈ ಸಲ ಎರಡೂ ಕೈ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಆದ್ದರಿಂದ ಯಾವುದಕ್ಕೆ ಎತ್ತಿದರೆಂದು ಇವತ್ತಿಗೂ ನಾನು ಕೇಳಿಲ್ಲ.

ಮೊಮ್ಮಗಳು ರಿಜಿಸ್ಟರ್ ಬಿಚ್ಚಿಕೊಂಡು ಪೆನ್ನಿನ ಮುಚ್ಚಳ ತೆಗೆದಳು. “ಅಜ್ಜಿ, ಠರಾವಿನ್ಯಾಗ ಹಕ್ಕಿ ಹೆಸರು ಏನಂತ ಬರೀಲಿ? ನೀಲಕಂಠ ಅಂತನೋ, ಬ್ಲೂ ಜೇ ಅಂತನೋ, ರೋಲರ್ ಅಂತನೋ?”

ಇಷ್ಟು ದಿನ ನಾಲಿಗೆಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಆ ಮೂರು ಅಕ್ಷರ ಆಗ ತಾವಾಗಿಯೇ ಎದ್ದು ಬಂದವು.

“ದಾಸಮಗರೆ,” ಅಂದೆ. “ಹಾಂಗ ಬರಿ. ನಾಳೆ ಕೊಡಲಿ ತಗೊಂಡು ಬಂದವರು, ಅದು ಯಾರಪಾ ಅಂತ ಮೊದಲ ಹುಡುಕ್ಕೋತ ಕೂಡ್ಲಿ. ಬರಿ ಬರಿ, ಇವರು ಸಹಿ ಹಾಕೂ ತನಕ ನಾ ಈ ಬಾಗಲಾ ಬಿಟ್ಟು ಸರಿಯಾಕಿ ಅಲ್ಲ.”